ಅಚ್ಚಾದ ಹಾಳೆಯ ಮುಂದಿನ ದಾರಿ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಕ್ಯಾಲೆಂಡರು ಮತ್ತು ಡೈರಿಗಳ ಹಂಗಾಮು ಹತ್ತಿರ ಬಂದಿರುವುದರಿಂದಲೋ ಏನೋ, ಈ ಸಲ ನಮ್ಮ ವಿಭಾಗಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮುದ್ರಣ ಮುಗಿದ ಮೇಲಿನ ಕೆಲಸವನ್ನು ಕುರಿತೇ ಇವೆ. ಹಾಳೆ ಯಂತ್ರದಿಂದ ಹೊರಬಿದ್ದ ಬಳಿಕ ಅದನ್ನು ಅಟ್ಟಿ ಹಾಕುವುದು, ಎಣಿಸುವುದು, ಒತ್ತಿ ಕಟ್ಟುವುದು ಯಾರು ಬೇಕಾದರೂ ಮಾಡಬಹುದಾದ ಕೂಲಿ ಕೆಲಸವೆಂದು ನಮ್ಮ ಭಾಗದ ಎಷ್ಟೋ ಮುದ್ರಣಾಲಯಗಳಲ್ಲಿ ತಿಳಿಯಲಾಗಿದೆ. ಹುಬ್ಬಳ್ಳಿಯಲ್ಲಿ ನಾನು ಈ ಕಸುಬನ್ನು ಕಲಿತ ದಿನಗಳಿಂದ ನೋಡುತ್ತ ಬಂದಿರುವುದು ಬೇರೆ: ಒಳ್ಳೆಯ ಮುದ್ರಣ ಕೆಟ್ಟಿರುವುದು ಹೆಚ್ಚಾಗಿ ಈ ಹಂತದಲ್ಲಿಯೇ. ಆದ್ದರಿಂದ ಆರು ಪತ್ರಗಳನ್ನು ಆರಿಸಿ, ಸಾಧ್ಯವಾದಷ್ಟು ವಿವರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದ ಮುದ್ರಣಾಲಯವಿದೆ. ಪುರಾಣ, ನಾಟಕ ಮತ್ತು ಪರೀಕ್ಷಾ ಗೈಡುಗಳನ್ನು ಡೆಮಿ 1/8 ಆಕಾರದಲ್ಲಿ (ಡೆಮಿ ಅಳತೆಯ ಹಾಳೆಯ ಎಂಟರಲ್ಲೊಂದು ಭಾಗ) ಮುದ್ರಿಸುತ್ತೇವೆ. ಹಾಳೆ ಮಡಚುವ ಯಂತ್ರ ತಂದಿದ್ದೇವೆ. ಆದರೆ ಅದರಿಂದ ಬರುವ 16 ಪುಟದ ಫಾರಂಗಳನ್ನು, ಅಂದರೆ ಅಚ್ಚಾಗಿ ಮಡಚಿದ ಹಾಳೆಗಳನ್ನು, ಇಬ್ಬರು ಹೆಣ್ಣುಮಕ್ಕಳು ಕೈಯಿಂದಲೇ ಒಟ್ಟಿ ಸುತಳಿಯಲ್ಲಿ ಕಟ್ಟುತ್ತಾರೆ. ಅಟ್ಟಿ ಒಂದು ಕಡೆಗೆ ವಾಲಿ ಬೀಳುತ್ತದೆ, ಮೂಲೆಗಳು ಮಡಚಿಕೊಳ್ಳುತ್ತವೆ, ಫಾರಂ ಉಬ್ಬಿರುವುದರಿಂದ ಬೈಂಡಿಂಗ್ ಸರಿಯಾಗಿ ಕೂಡುವುದಿಲ್ಲ. ವ್ಯಾಪಾರಿಯೊಬ್ಬರು ವಿದೇಶದಿಂದ ಬಂದ ಹಳೆಯ ಸ್ಟ್ಯಾಕರ್-ಬಂಡ್ಲರ್ ಒಂದನ್ನು ಕೊಡುತ್ತೇನೆ ಎನ್ನುತ್ತಾರೆ. ಫಾರಂಗಳನ್ನು ಅಡ್ಡಲಾಗಿ ನಿಲ್ಲಿಸಿ ಕಟ್ಟುವ ಯಂತ್ರವದು. ಕೊಳ್ಳಬಹುದೇ?

ಉತ್ತರ: ಯಂತ್ರದ ಮಾತಿಗೆ ಮೊದಲು ನಿಮ್ಮ ಅಟ್ಟಿ ಏಕೆ ವಾಲುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ನೀವು ಯಾವ ಯಂತ್ರ ತಂದರೂ ಅದು ಪರಿಹರಿಸಬೇಕಾದದ್ದು ಈ ಒಂದು ದೋಷವನ್ನೇ. ಮಡಚಿದ ಫಾರಂಗೆ ಬೆನ್ನಿನ ಕಡೆ ಒಂದು ದಪ್ಪ, ತೆರೆದ ಅಂಚಿನ ಕಡೆ ಇನ್ನೊಂದು ದಪ್ಪ ಇರುತ್ತದೆ. ಮಡಿಕೆಯಲ್ಲಿ ಕಾಗದ ಬಾಗಿ ಉಬ್ಬಿರುತ್ತದೆ ಮತ್ತು ಆ ಉಬ್ಬಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಒಂದು ಫಾರಂನಲ್ಲಿ ಕಣ್ಣಿಗೆ ಕಾಣದ ಈ ವ್ಯತ್ಯಾಸ ನೂರು ಫಾರಂಗಳನ್ನು ಒಂದೇ ದಿಕ್ಕಿಗೆ ಬೆನ್ನು ಮಾಡಿ ಒಟ್ಟಿದಾಗ ಬೆರಳಗಲದ ಇಳಿಜಾರಾಗುತ್ತದೆ, ಮೇಲಿನ ಫಾರಂಗಳು ಆ ಇಳಿಜಾರಿನಲ್ಲಿ ಜಾರುತ್ತವೆ. ಸುತಳಿಯನ್ನು ಎಷ್ಟು ಬಿಗಿದರೂ ಗಾಳಿ ಹೋಗುವುದಿಲ್ಲ, ದಾರ ಅಂಚನ್ನು ಕಡಿಯುತ್ತದೆ ಅಷ್ಟೆ.

ಖರ್ಚಿಲ್ಲದ ಮೊದಲ ಪರಿಹಾರ ನಿಮ್ಮ ಮಡಚುವ ಯಂತ್ರದಲ್ಲಿಯೇ ಇದೆ. 16 ಪುಟದ ಫಾರಂಗೆ ಹಾಳೆಯನ್ನು ಮೂರು ಸಲ ಮಡಚಬೇಕಾಗುವುದರಿಂದ, ಕೊನೆಯ ಮಡಿಕೆಗೆ ಮೊದಲು ತಲೆಯ ಕಡೆಯ ಮಡಿಕೆಯ ಮೇಲೆ ಸಣ್ಣ ಸಣ್ಣ ತೂತುಗಳ ಗೆರೆ ಹಾಕುವ ಹಲ್ಲಿನ ಚಕ್ರವೊಂದು ಅದರಲ್ಲಿರುತ್ತದೆ. ಒಳಗೆ ಸಿಕ್ಕ ಗಾಳಿ ಆ ತೂತುಗಳಿಂದ ಹೊರಹೋಗಬೇಕು. ಹಲ್ಲು ಸವೆದಿದ್ದರೆ ಅಥವಾ ಚಕ್ರವನ್ನು ಯಾರೋ ಸರಿಸಿಟ್ಟಿದ್ದರೆ ಫಾರಂ ಉಬ್ಬುತ್ತದೆ, ಒಳಮೂಲೆಯಲ್ಲಿ ಸುಕ್ಕೂ ಬೀಳುತ್ತದೆ. ನಾಳೆಯೇ ಆ ಚಕ್ರವನ್ನು ಪರೀಕ್ಷಿಸಿ. ಎರಡನೆಯದಾಗಿ, ಕೈಯಿಂದ ಒಟ್ಟುವಾಗ 25 ಫಾರಂಗಳಿಗೊಮ್ಮೆ ಬೆನ್ನಿನ ದಿಕ್ಕನ್ನು ಬದಲಿಸಲು ಹೇಳಿ: ಇಪ್ಪತ್ತೈದರ ಬೆನ್ನು ಎಡಕ್ಕೆ, ಮುಂದಿನ ಇಪ್ಪತ್ತೈದರದು ಬಲಕ್ಕೆ. ದೊಡ್ಡ ಮುದ್ರಣಾಲಯಗಳಲ್ಲಿರುವ, ಫಾರಂಗಳನ್ನು ಒಂದರ ಮೇಲೊಂದು ಒಟ್ಟುವ ನಿಲುವು ಸ್ಟ್ಯಾಕರು ಮಾಡುವುದೂ ಇದನ್ನೇ. ಅದರ ತಳದಲ್ಲಿರುವ ತಿರುಗು ಮೇಜು ಪ್ರತಿ ಸಣ್ಣ ಗುಂಪು ಬಿದ್ದ ಮೇಲೆ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ.

ಇನ್ನು ವ್ಯಾಪಾರಿ ಹೇಳುತ್ತಿರುವ ಅಡ್ಡ ಬಂಡ್ಲರಿನ ವಿಚಾರ. ಅದರಲ್ಲಿ ಫಾರಂಗಳು ಬೆನ್ನು ಕೆಳಗಾಗಿ, ಕಪಾಟಿನಲ್ಲಿ ಪುಸ್ತಕ ನಿಂತಂತೆ ಸಾಲಾಗಿ ನಿಲ್ಲುತ್ತವೆ. ಅದುರುವ ತಟ್ಟೆಯೊಂದು ಅವುಗಳ ಅಂಚುಗಳನ್ನು ಸಮ ಮಾಡುತ್ತದೆ. ಗೊತ್ತುಪಡಿಸಿದ ಉದ್ದ ತುಂಬಿದ ಕೂಡಲೇ ಎರಡೂ ತುದಿಗೆ ಮರದ ಹಲಗೆ ಇಟ್ಟು, ಗಾಳಿಯ ಒತ್ತಡದಿಂದಲೋ ಎಣ್ಣೆಯ ಒತ್ತಡದಿಂದಲೋ ನಡೆಯುವ ಒತ್ತುಗ ಸಾಲನ್ನು ಅದುಮುತ್ತದೆ ಮತ್ತು ಅದುಮಿದ ಸ್ಥಿತಿಯಲ್ಲಿಯೇ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಬಿಗಿಯಲಾಗುತ್ತದೆ. ಮರದ ದಿಮ್ಮಿಯಂತಹ ಗಟ್ಟಿ ಕಟ್ಟು ಸಿದ್ಧವಾಗುತ್ತದೆ. ಗಾಳಿ ಪೂರ್ತಿ ಹೊರಹೋಗಿರುವುದರಿಂದ ಫಾರಂ ಚಪ್ಪಟೆಯಾಗುತ್ತದೆ, ವಾರಗಟ್ಟಲೆ ಇಟ್ಟರೂ ಮೂಲೆ ಕೆಡುವುದಿಲ್ಲ, ಜಾಗವೂ ಉಳಿಯುತ್ತದೆ. ಯಂತ್ರ ಒಳ್ಳೆಯದೇ. ಆದರೆ ಅದು ಸರಪಳಿಯ ಒಂದು ಕೊಂಡಿ ಎಂಬುದನ್ನು ಮರೆಯಬೇಡಿ. ಸ್ವಿಟ್ಜರ್ಲೆಂಡಿನಲ್ಲಿ 1946ರಲ್ಲಿ ಆರಂಭವಾದ ಮ್ಯೂಲರ್ ಮಾರ್ಟಿನಿಯಂತಹ ಸಂಸ್ಥೆಗಳು ಇಂತಹ ಕಟ್ಟುಗಳನ್ನು ಫಾರಂ ಜೋಡಿಸುವ ಯಂತ್ರದ ಬಾಯಿಗೆ ಹಾಗೆಯೇ ಇಟ್ಟು, ಪಟ್ಟಿ ಕತ್ತರಿಸಿ, ತಾನಾಗಿ ಉಣಿಸುವಂತೆ ಸಾಲುಯಂತ್ರಗಳನ್ನು ರೂಪಿಸಿವೆ. ಜೋಡಣೆಯನ್ನು ಮೇಜಿನ ಸುತ್ತ ನಡೆದಾಡಿ ಕೈಯಿಂದ ಮಾಡುವ ನಿಮ್ಮಂತಹ ಮುದ್ರಣಾಲಯದಲ್ಲಿ ಅದರ ಅರ್ಧ ಲಾಭ ಸಿಗುವುದೇ ಇಲ್ಲ.

ಒಂದು ಲೆಕ್ಕ ಮಾಡಿ ನೋಡಿ. 17.5×22.5 ಇಂಚಿನ ಒಂದು ಡೆಮಿ ಹಾಳೆಯ ವಿಸ್ತೀರ್ಣ 0.254 ಚದರ ಮೀಟರು. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದವಾದರೆ (ಅಂದರೆ ಚದರ ಮೀಟರಿಗೆ 70 ಗ್ರಾಂ) ಒಂದು ಫಾರಂ ಸುಮಾರು 17.8 ಗ್ರಾಂ ತೂಗುತ್ತದೆ. ಹಾಳೆಯ ದಪ್ಪ ಸುಮಾರು 0.09 ಮಿಲಿಮೀಟರು ಎಂದು ಹಿಡಿದರೆ ಎಂಟು ಎಲೆಗಳ ಫಾರಂ ಅದುಮಿದಾಗ 0.72 ಮಿಲಿಮೀಟರು ಆಗುತ್ತದೆ. ಹಾಗಾಗಿ ಒಂದು ಮೀಟರು ಉದ್ದದ ಕಟ್ಟಿನಲ್ಲಿ ಸುಮಾರು 1,390 ಫಾರಂಗಳು, 25 ಕಿಲೋ ತೂಕ. 60 ಸೆಂಟಿಮೀಟರಿನ ಕಟ್ಟಿನಲ್ಲಿ ಸುಮಾರು 830 ಫಾರಂಗಳು, 15 ಕಿಲೋ ತೂಕ. ಮೀಟರು ಉದ್ದದ ಕಟ್ಟನ್ನು ಎತ್ತಲು ಕ್ರೇನಿನಂತಹ ಸಲಕರಣೆ ಬೇಕು, ಅದರ ವೆಚ್ಚವನ್ನು ವ್ಯಾಪಾರಿ ಹೇಳಿರಲಿಕ್ಕಿಲ್ಲ. ನಿಮ್ಮ ಮಡಚುವ ಯಂತ್ರ ನಿಮಿಷಕ್ಕೆ 100 ಫಾರಂ ಕೊಡುತ್ತಿದ್ದರೆ ಗಂಟೆಗೆ ಸುಮಾರು 107 ಕಿಲೋ, ಎಂಟು ಗಂಟೆಗೆ 850 ಕಿಲೋ ಕಾಗದ ಆ ಇಬ್ಬರು ಹೆಣ್ಣುಮಕ್ಕಳ ಕೈಯಲ್ಲಿ ಹಾಯುತ್ತದೆ. ಪ್ರತಿ ಫಾರಂ ಒಮ್ಮೆ ಯಂತ್ರದಿಂದ ಮೇಜಿಗೆ, ಇನ್ನೊಮ್ಮೆ ಮೇಜಿನಿಂದ ನೆಲಕ್ಕೆ ಹೋಗುವುದಾದರೆ ಎತ್ತುವ ಭಾರ ಅದರ ಎರಡರಷ್ಟು. ಇಷ್ಟು ಕೆಲಸ ವರ್ಷವಿಡೀ ಇದ್ದರೆ ಯಂತ್ರದ ಯೋಚನೆ ನ್ಯಾಯವಾದದ್ದು. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಇದ್ದರೆ ಅಲ್ಲ.

ನನ್ನ ಸಲಹೆ ಹೀಗಿದೆ. ಮೊದಲು ತಿರುಪಿನಿಂದ ಒತ್ತುವ ಅಥವಾ ಸಣ್ಣ ಹೈಡ್ರಾಲಿಕ್ ಜಾಕ್ ಇರುವ ಬಂಡಲಿಂಗ್ ಪ್ರೆಸ್ ಒಂದನ್ನು ನಮ್ಮಲ್ಲಿಯೇ ಮಾಡಿಸಿ. ಕಬ್ಬಿಣದ ಚೌಕಟ್ಟು, ಕೆಳಗೊಂದು ಮೇಲೊಂದು ಹಲಗೆ, ಪಟ್ಟಿ ತೂರಿಸಲು ಹಲಗೆಗಳಲ್ಲಿ ಎರಡು ಉದ್ದ ತೋಡು ಇದ್ದರೆ ಸಾಕು. ಹುಬ್ಬಳ್ಳಿಯ ಯಾವ ಒಳ್ಳೆಯ ಫ್ಯಾಬ್ರಿಕೇಶನ್ ಅಂಗಡಿಯಲ್ಲಾದರೂ ಇದನ್ನು ಮಾಡಿಕೊಡುತ್ತಾರೆ. ಅದರ ಜೊತೆಗೆ ಕೈಯಿಂದ ಬಿಗಿಯುವ ಪಟ್ಟಿಯ ಸಲಕರಣೆ ಕೊಳ್ಳಿ. ಒಂದು ವರ್ಷ ಇದರಲ್ಲಿ ಕೆಲಸ ಮಾಡಿದ ಮೇಲೆ ನಿಮಗೇ ತಿಳಿಯುತ್ತದೆ, ತಡವಾಗುತ್ತಿರುವುದು ಕಟ್ಟುವಲ್ಲಿಯೋ ಜೋಡಿಸುವಲ್ಲಿಯೋ ಎಂದು. ಜೋಡಿಸುವಲ್ಲಿ ಎಂದು ಕಂಡರೆ, ಬಂಡ್ಲರಿಗಿಂತ ಮೊದಲು ಜೋಡಣೆಯ ಯಂತ್ರಕ್ಕೆ ಹಣ ಹಾಕಬೇಕು.

ಇಷ್ಟಾಗಿಯೂ ಆ ಹಳೆಯ ಯಂತ್ರವನ್ನು ನೋಡಲು ಹೋಗುವುದಾದರೆ, ಅದನ್ನು ಓಡಿಸಿ ತೋರಿಸಲು ಕೇಳಿ, ನಿಮ್ಮದೇ ಫಾರಂಗಳನ್ನು ಜೊತೆಗೆ ಒಯ್ಯಿರಿ. ನಮ್ಮ ಮೂರು ಫೇಸಿನ 415 ವೋಲ್ಟು, 50 ಹರ್ಟ್ಸ್ ವಿದ್ಯುತ್ತಿಗೆ ಅದು ಹೊಂದುತ್ತದೆಯೇ ಎಂದು ನೋಡಿ. ಅಮೆರಿಕದಿಂದ ಬಂದದ್ದಾದರೆ 60 ಹರ್ಟ್ಸ್‌ಗೆ ಮಾಡಿದ ಮೋಟಾರುಗಳು ಇಲ್ಲಿ ನಿಧಾನವಾಗಿ ತಿರುಗುತ್ತವೆ. ಕಂಪ್ರೆಸರ್ ಬೇರೆ ಬೇಕೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ ನಿಯಂತ್ರಣ ಪೆಟ್ಟಿಗೆಯನ್ನು ತೆರೆಸಿ ನೋಡಿ. ಬೇರಿಂಗು, ಬೆಲ್ಟುಗಳನ್ನು ಗದಗಿನಲ್ಲಿಯೇ ಹೊಂದಿಸಬಹುದು, ತಯಾರಿಕೆ ನಿಂತುಹೋದ ಎಲೆಕ್ಟ್ರಾನಿಕ್ ಕಾರ್ಡನ್ನು ಎಲ್ಲಿಂದಲೂ ತರಲಾಗುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರವಿದೆ. ಆರ್ಟ್ ಪೇಪರಿನ ಮೇಲೆ ಕ್ಯಾಲೆಂಡರು ಮುದ್ರಿಸಿದಾಗ, ವಿಶೇಷವಾಗಿ ಮಳೆಗಾಲದಲ್ಲಿ, ಒಂದು ಹಾಳೆಯ ಬಣ್ಣ ಮೇಲಿನ ಹಾಳೆಯ ಬೆನ್ನಿಗೆ ಮೂಡುತ್ತದೆ. ಅಟ್ಟಿಯನ್ನು ತಿರುಗಿಸಿ ಗಾಳಿ ಊದುವ ಯಂತ್ರವನ್ನು ತಂದರೆ ಸರಿಹೋಗುತ್ತದೆ ಎಂದು ಕೇಳಿದ್ದೇವೆ. ನಿಜವೇ?

ಉತ್ತರ: ಅರ್ಧ ನಿಜ. ಈ ದೋಷವನ್ನು ನಮ್ಮ ಯಂತ್ರ ನಡೆಸುವವರು ಸೆಟ್-ಆಫ್ ಎನ್ನುತ್ತಾರೆ. ಹಾಳೆಯ ಆಫ್‌ಸೆಟ್ಟಿನಲ್ಲಿ ಬಳಸುವ ಸಾಮಾನ್ಯ ಶಾಯಿ ನೀರು ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಇದಕ್ಕೆ ಗಂಟೆಗಳು ಬೇಕು. ಆರ್ಟ್ ಪೇಪರಿನ ನುಣುಪು ಮೈ ಶಾಯಿಯನ್ನು ಬೇಗ ಹೀರಿಕೊಳ್ಳುವುದೂ ಇಲ್ಲ. ಅಟ್ಟಿ ಎತ್ತರವಾದಂತೆ ಕೆಳಗಿನ ಹಾಳೆಗಳ ಮೇಲೆ ಭಾರ ಹೆಚ್ಚುತ್ತದೆ, ನಡುವಿನ ಗಾಳಿ ಹೊರಟುಹೋಗುತ್ತದೆ. ಒತ್ತಡ ಹೆಚ್ಚಿ ಆಮ್ಲಜನಕ ಕಡಿಮೆಯಾದರೆ ಹಸಿ ಶಾಯಿ ಎದುರಿನ ಬೆನ್ನಿಗೆ ಅಂಟದೆ ಇನ್ನೇನು ಮಾಡೀತು? 20×30 ಇಂಚಿನ 130 ಜಿಎಸ್‌ಎಂ ಹಾಳೆ ಒಂದು ಸುಮಾರು 50 ಗ್ರಾಂ ತೂಗುತ್ತದೆ. ಐದು ಸಾವಿರ ಹಾಳೆಗಳ ಅಟ್ಟಿಯ ತಳದಲ್ಲಿರುವ ಹಾಳೆ 250 ಕಿಲೋ ಭಾರ ಹೊತ್ತಿರುತ್ತದೆ.

ಇಲ್ಲಿ ನನ್ನ ಅನುಭವದ ಒಂದು ಘಟನೆಯನ್ನು ಹೇಳಬೇಕು. ನಾನು ಸಹಾಯಕನಾಗಿದ್ದ ಒಂದು ಮುದ್ರಣಾಲಯದಲ್ಲಿ ಆಗಸ್ಟ್ ತಿಂಗಳ ಒಂದು ಸಂಜೆ, ಮರುದಿನವೇ ಒಯ್ಯಬೇಕೆಂಬ ಆತುರಕ್ಕೆ, ಮುದ್ರಿಸಿ ಮೂರು ಗಂಟೆಯೂ ಆಗದ ಪೋಸ್ಟರುಗಳನ್ನು ಸಮ ಮಾಡಿ, ರಟ್ಟು ಹಾಕಿ, ಬಿಗಿಯಾಗಿ ಕಟ್ಟಿಟ್ಟೆವು. ಬೆಳಿಗ್ಗೆ ಕಟ್ಟು ಬಿಚ್ಚಿದಾಗ ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಬಿಡಿಸಿದರೆ ಪಟಪಟ ಸದ್ದಾಗಿ ಬಣ್ಣ ಕಿತ್ತುಬರುತ್ತಿತ್ತು. ಪೂರ್ತಿ ಕೆಲಸವನ್ನು ಮತ್ತೆ ಮುದ್ರಿಸಬೇಕಾಯಿತು. ತಪ್ಪು ಯಂತ್ರದ್ದಲ್ಲ, ಕಟ್ಟಿದವರಾದ ನಮ್ಮದೇ. ಅಂದಿನಿಂದ ಹಸಿ ಹಾಳೆಯನ್ನು ಬಿಗಿದು ಕಟ್ಟುವುದನ್ನು ಕಂಡರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಅಟ್ಟಿ ತಿರುಗಿಸುವ ಯಂತ್ರ, ಅಂದರೆ ಪೈಲ್ ಟರ್ನರ್, ಎರಡು ಹಲಗೆಗಳ ನಡುವೆ ಇಡೀ ಅಟ್ಟಿಯನ್ನು ಹಿಡಿದು, ವಾಲಿಸಿ, ಬದಿಯಿಂದ ಗಾಳಿ ಊದುತ್ತ, ಅದುರಿಸಿ ಅಂಚು ಕೂಡಿಸುತ್ತದೆ ಮತ್ತು ಬೇಕಾದಾಗ ತಲೆಕೆಳಗು ಮಾಡುತ್ತದೆ. ಎರಡನೆಯ ಬದಿ ಮುದ್ರಿಸುವ ಮೊದಲು ಇದು ಬಹಳ ಉಪಯುಕ್ತ. ಹಾಳೆಗಳ ನಡುವೆ ಹೊಸ ಗಾಳಿ ಹೋಗುವುದರಿಂದ ಒಣಗುವುದಕ್ಕೂ ನೆರವಾಗುತ್ತದೆ. ಆದರೆ ಈಗಾಗಲೇ ಅಂಟಿದ ಹಾಳೆಯನ್ನು ಅದು ಬಿಡಿಸಿ ಸರಿಮಾಡಲಾರದು, ಮತ್ತು ಪೂರ್ತಿ ಹಸಿಯಾಗಿರುವ ಅಟ್ಟಿಯನ್ನು ಅದುರಿಸಿದರೆ ಹಾಳೆಗಳು ಒಂದರ ಮೇಲೊಂದು ಉಜ್ಜಿ ಇನ್ನಷ್ಟು ಕೆಡುತ್ತವೆ. ಆದ್ದರಿಂದ ಮೊದಲು ಡೆಲಿವರಿಯ, ಅಂದರೆ ಅಚ್ಚಾದ ಹಾಳೆ ಬಂದು ಬೀಳುವ ತುದಿಯ, ಪೌಡರ್ ಸ್ಪ್ರೇಯನ್ನು ನೋಡಿ. ಪಿಷ್ಟದಿಂದ ಮಾಡಿದ ಆ ಸಣ್ಣ ಕಣಗಳು ಎರಡು ಹಾಳೆಗಳ ನಡುವೆ ಗುಂಡಿನಂತೆ ನಿಂತು ತೆಳುವಾದ ಗಾಳಿಯ ಪದರವನ್ನು ಉಳಿಸುತ್ತವೆ. ಮಳೆಗಾಲದಲ್ಲಿ ಪೌಡರು ತೇವಕ್ಕೆ ಗಂಟುಕಟ್ಟಿ ನಳಿಗೆಯ ತೂತು ಮುಚ್ಚಿಹೋಗುತ್ತದೆ, ಯಂತ್ರದ ಒಂದು ಬದಿಗೆ ಮಾತ್ರ ಬೀಳುತ್ತಿರುತ್ತದೆ. ಕಪ್ಪು ಹಾಳೆಯೊಂದನ್ನು ಹಾಯಿಸಿ ನೋಡಿದರೆ ಪೌಡರು ಎಲ್ಲಿ ಬೀಳುತ್ತಿಲ್ಲ ಎಂಬುದು ತಕ್ಷಣ ಕಾಣುತ್ತದೆ. ಎರಡನೆಯದು ಮುದ್ರಣದ ಪ್ಲೇಟನ್ನು ತೇವವಾಗಿಡುವ ನೀರಿನ ಆಮ್ಲತೆ: ಪಿಎಚ್ 4.8ರಿಂದ 5.5ರ ನಡುವೆ ಇರಲಿ. ಅದಕ್ಕಿಂತ ಹುಳಿಯಾದರೆ ಶಾಯಿ ಒಣಗುವುದು ತಡವಾಗುತ್ತದೆ. ಮೂರನೆಯದು ಅಟ್ಟಿಯ ಎತ್ತರ. ದಟ್ಟ ಬಣ್ಣದ ಚಿತ್ರಗಳಿದ್ದರೆ ಐದುನೂರು, ಎಂಟುನೂರು ಹಾಳೆಗೊಮ್ಮೆ ಮರದ ಚೌಕಟ್ಟಿನ ಮೇಲೆ ಹಲಗೆ ಇಟ್ಟು ಭಾರ ಕೆಳಕ್ಕೆ ಹೋಗದಂತೆ ಮಾಡಿ. ಈ ಮೂರನ್ನೂ ಮಾಡಿಯೂ ತೊಂದರೆ ಉಳಿದರೆ ಆಗ ಯಂತ್ರದ ಮಾತು. ನಿಮ್ಮ ಅಳತೆಯ ಕೆಲಸಕ್ಕೆ ದೊಡ್ಡ ಪೈಲ್ ಟರ್ನರಿಗಿಂತ ಗಾಳಿ ಊದುವ ಅದುರು ಮೇಜು, ಅಂದರೆ ಜಾಗರ್, ಸಾಕಾಗುತ್ತದೆ. ರಾತ್ರಿ ಒಣಗಿದ ಹಾಳೆಯನ್ನು ಬೆಳಿಗ್ಗೆ ಅದರ ಮೇಲಿಟ್ಟು ಎರಡು ಅಂಚಿಗೆ ಕೂಡಿಸಿ ಕಟಿಂಗ್‌ಗೆ ಕಳಿಸಿ. ಕೂಡಿಸುವಾಗ ಮುದ್ರಣಯಂತ್ರದಲ್ಲಿ ಗ್ರಿಪ್ಪರ್ (ಹಾಳೆಯನ್ನು ಎಳೆಯುವ ಹಿಡಿಕೆ) ಹಿಡಿದ ಅಂಚು ಮತ್ತು ಸೈಡ್ ಲೇ (ಹಾಳೆಯ ಬದಿಯನ್ನು ಸರಿಯಾಗಿ ನಿಲ್ಲಿಸುವ ತಡೆ) ಇದ್ದ ಅಂಚು, ಇವೆರಡನ್ನೇ ಆಧಾರ ಮಾಡಿಕೊಳ್ಳಬೇಕು. ಹಾಳೆಯ ಅಳತೆಯಲ್ಲಿ ಹೆಚ್ಚುಕಡಿಮೆ ಇದ್ದರೂ ಚಿತ್ರದ ಜಾಗ ತಪ್ಪುವುದಿಲ್ಲ. ಆ ಮೂಲೆಗೆ ಪೆನ್ಸಿಲಿನಿಂದ ಗುರುತು ಹಾಕಿ ಕಳಿಸುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಬೇಡಿ.

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ದಿನಪತ್ರಿಕೆಯ ಏಜೆಂಟನಾಗಿದ್ದೇನೆ. ಬೆಳಗಿನ ಜಾವ ಬರುವ ಕಟ್ಟಿನಲ್ಲಿ ಕೆಲವೊಮ್ಮೆ ಒಂದೆರಡು ಪ್ರತಿ ಕಡಿಮೆ, ಕೆಲವೊಮ್ಮೆ ಒಂದು ಹೆಚ್ಚು ಇರುತ್ತದೆ. ಇಷ್ಟು ದೊಡ್ಡ ಯಂತ್ರಗಳಿದ್ದೂ ಎಣಿಕೆ ಏಕೆ ತಪ್ಪುತ್ತದೆ?

ಉತ್ತರ: ಹುಬ್ಬಳ್ಳಿಯಲ್ಲಿ ಅಚ್ಚಾಗಿ ಸುತ್ತಲಿನ ಜಿಲ್ಲೆಗಳಿಗೆ ಹೋಗುವ ಪತ್ರಿಕೆಗಳ ಹಾದಿಯನ್ನು ಒಮ್ಮೆ ನೋಡಿದರೆ ನಿಮಗೆ ಕಾರಣ ತಿಳಿಯುತ್ತದೆ. ರೀಲಿನಿಂದ ಅಚ್ಚಾದ ಕಾಗದ ಮಡಚಿ ಕತ್ತರಿಸಿ ಹೊರಬರುವಾಗ ಪ್ರತಿಗಳು ಒಂದೊಂದಾಗಿ ಬಿಡಿಯಾಗಿ ಬರುವುದಿಲ್ಲ. ಮನೆಯ ಹಂಚುಗಳಂತೆ ಒಂದರ ಮೇಲೊಂದು ಭಾಗಶಃ ಹೊದ್ದುಕೊಂಡು ಹೊಳೆಯಂತೆ ಹರಿದು ಬರುತ್ತವೆ. ಮೇಲಿರುವ ಎಣಿಕೆಯ ಕಣ್ಣು ಪ್ರತಿ ಮಡಿಕೆಯ ಅಂಚು ಹಾದುಹೋದಾಗ ಒಂದು ಎಂದು ಲೆಕ್ಕ ಹಿಡಿಯುತ್ತದೆ. ಹಳೆಯ ಯಂತ್ರಗಳಲ್ಲಿ ಹಲ್ಲಿನ ಚಕ್ರವಿರುತ್ತಿತ್ತು, ಈಗಿನವುಗಳಲ್ಲಿ ಲೇಸರ್ ಕಿರಣವಿದೆ. ಎರಡು ಪ್ರತಿಗಳ ಮಡಿಕೆ ಒಂದೇ ಗೆರೆಗೆ ಬಂದು ಅಂಟಿಕೊಂಡರೆ ಕಣ್ಣಿಗೆ ಒಂದೇ ಅಂಚು ಕಾಣುತ್ತದೆ, ನಿಮ್ಮ ಕಟ್ಟಿಗೆ ಒಂದು ಪ್ರತಿ ಹೆಚ್ಚು ಬೀಳುತ್ತದೆ. ಒಂದು ಪ್ರತಿಯ ಅಂಚು ಹರಿದು ಎದ್ದು ನಿಂತಿದ್ದರೆ ಅದೇ ಎರಡೆಂದು ಎಣಿಕೆಯಾಗಿ ಕಟ್ಟಿನಲ್ಲಿ ಒಂದು ಕಡಿಮೆಯಾಗುತ್ತದೆ.

ಎಣಿಕೆಯಾದ ಪ್ರತಿಗಳು ಸ್ಟ್ಯಾಕರಿಗೆ ಬಿದ್ದು, ಅರ್ಧಕ್ಕೆ ತಿರುಗಿ, ಮೇಲೆ ಊರಿನ ಹೆಸರು ಮತ್ತು ಪ್ರತಿಗಳ ಸಂಖ್ಯೆ ಬರೆದ ಚೀಟಿ ಬಿದ್ದು, ಪಟ್ಟಿ ಬಿಗಿದು ವಾಹನ ನಿಂತ ಕಟ್ಟೆಗೆ ಹೋಗುತ್ತವೆ. ನಿಮ್ಮ ಬೇಡಿಕೆ ಪೂರ್ಣ ಕಟ್ಟುಗಳ ಸಂಖ್ಯೆಗೆ ಸರಿಯಾಗಿ ಭಾಗವಾಗದಿದ್ದರೆ ಉಳಿದ ಪ್ರತಿಗಳದ್ದೊಂದು ಬಿಡಿ ಕಟ್ಟು ಆಗುತ್ತದೆ. ಆ ಬಿಡಿ ಕಟ್ಟನ್ನು ಎಷ್ಟೋ ಕಡೆ ಈಗಲೂ ಕೈಯಿಂದಲೇ ಎಣಿಸುತ್ತಾರೆ, ತಪ್ಪು ಹೆಚ್ಚಾಗಿ ಅಲ್ಲಿಯೇ ಆಗುತ್ತದೆ. ಆದ್ದರಿಂದ ಪ್ರತಿದಿನ ಎಲ್ಲ ಕಟ್ಟುಗಳನ್ನೂ ಎಣಿಸುತ್ತ ಕೂರಬೇಡಿ. ಬಿಡಿ ಕಟ್ಟನ್ನು ತಪ್ಪದೆ ಎಣಿಸಿ, ಪೂರ್ಣ ಕಟ್ಟುಗಳಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿ. ಕಡಿಮೆ ಬಂದ ದಿನ ಮೇಲಿನ ಚೀಟಿಯನ್ನು ಹಿಂದೆ ದಿನಾಂಕ ಮತ್ತು ಸಿಕ್ಕ ಸಂಖ್ಯೆ ಬರೆದು ಕಾಯ್ದಿಡಿ. ತಿಂಗಳ ಕೊನೆಗೆ ಲೆಕ್ಕ ಕೇಳುವಾಗ ಆ ಚೀಟಿಗಳೇ ನಿಮ್ಮ ಸಾಕ್ಷಿ. ಒಂದೇ ಬಗೆಯ ಕಟ್ಟಿನಲ್ಲಿ ಪದೇ ಪದೇ ತಪ್ಪಾದರೆ ಅದು ಯಂತ್ರ ಸರಿಪಡಿಸುವವರಿಗೂ ಬೇಕಾದ ಮಾಹಿತಿ.

ಪ್ರಶ್ನೆ: ರಾಣೇಬೆನ್ನೂರಿನಲ್ಲಿ ಬೀಜದ ಪೊಟ್ಟಣಗಳಿಗೆ ಲೇಬಲ್ ಮುದ್ರಿಸಿಕೊಡುತ್ತೇವೆ. ಸಾವಿರದ ಕಟ್ಟಿನಲ್ಲಿ ಎಂಟು ಹತ್ತು ಕಡಿಮೆ ಎಂದು ಗ್ರಾಹಕರು ಮತ್ತೆ ಮತ್ತೆ ದೂರುತ್ತಾರೆ. ತಕ್ಕಡಿಯಲ್ಲಿ ತೂಗಿ ಎಣಿಸುತ್ತೇವೆ. ಎಣಿಸುವ ಯಂತ್ರ ಕೊಳ್ಳಬೇಕೇ?

ಉತ್ತರ: ತಕ್ಕಡಿಯೇ ನಿಮಗೆ ಮೋಸ ಮಾಡುತ್ತಿದೆ. ಕಾಗದ ಗಾಳಿಯ ತೇವವನ್ನು ಹೀರುತ್ತದೆ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. ತೇವದಲ್ಲಿ ಶೇಕಡಾ 1ರಷ್ಟು ಹೆಚ್ಚಾದರೆ ತೂಕವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಏಪ್ರಿಲಿನ ಒಣಹವೆಯಲ್ಲಿ ನೂರು ಲೇಬಲ್ ತೂಗಿ ನಿಗದಿಪಡಿಸಿದ ತೂಕದಿಂದ ಜುಲೈಯಲ್ಲಿ ಸಾವಿರ ಎಣಿಸಿದರೆ ಸುಮಾರು ಹತ್ತು ಲೇಬಲ್ ಕಡಿಮೆಯಾಗುವುದು ಇದೇ ಕಾರಣಕ್ಕೆ. ನಿಮ್ಮ ದೂರಿನ ಸಂಖ್ಯೆಯೂ ಅದಕ್ಕೆ ಹೊಂದುತ್ತದೆ. ತೂಗಲೇಬೇಕಾದರೆ ಅದೇ ದಿನ, ಅದೇ ಅಟ್ಟಿಯಿಂದ ಕೈಯಿಂದ ಎಣಿಸಿದ ನೂರು ಲೇಬಲ್‌ಗಳಿಂದ ತೂಕವನ್ನು ಹೊಸದಾಗಿ ನಿಗದಿಪಡಿಸಬೇಕು.

ಆದರೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ಲೇಬಲನ್ನು ಎಣಿಸಬೇಡಿ, ಹಾಳೆಯನ್ನು ಎಣಿಸಿ. ಒಂದು ಹಾಳೆಯಲ್ಲಿ 40 ಲೇಬಲ್ ಇದ್ದರೆ ಕತ್ತರಿಸುವ ಮೊದಲು ಸರಿಯಾಗಿ 500 ಹಾಳೆಗಳ ಅಟ್ಟಿ ಮಾಡಿ. ಕತ್ತರಿಸಿದ ಮೇಲೆ 40 ಗುಂಪುಗಳಲ್ಲಿ ಪ್ರತಿಯೊಂದರಲ್ಲಿಯೂ 500 ಲೇಬಲ್ ಇರಲೇಬೇಕು, ಎರಡು ಗುಂಪು ಸೇರಿದರೆ ಸಾವಿರ. ಈ ವಿಧಾನದಲ್ಲಿ ಒಂದು ಎಚ್ಚರಿಕೆ ಬೇಕು: ಬಣ್ಣ ಕೂಡದ, ಮಸಿ ಬಿದ್ದ ಹಾಳೆಗಳನ್ನು ಎಣಿಸುವ ಮೊದಲೇ ತೆಗೆಯಬೇಕು. ಅನೇಕರು ಎಣಿಸಿದ ಮೇಲೆ ತೆಗೆಯುತ್ತಾರೆ, ಕೊರತೆಗೆ ಅದು ಎರಡನೆಯ ಕಾರಣ. ಹಾಳೆಯ ಮೂಲೆಯನ್ನು ತಿರುಗುವ ತಟ್ಟೆಯಿಂದ ಹೀರಿ ಎಣಿಸಿ, 500ಕ್ಕೊಮ್ಮೆ ಬಣ್ಣದ ಚೀಟಿ ತೂರಿಸುವ ಯಂತ್ರಗಳಿವೆ. ನಿಮ್ಮಷ್ಟು ಕೆಲಸಕ್ಕೆ ಮುದ್ರಣಯಂತ್ರದ ಕೌಂಟರ್ 500 ತೋರಿಸಿದಾಗಲೆಲ್ಲ ಡೆಲಿವರಿಯಲ್ಲಿ ಒಬ್ಬರು ಚೀಟಿ ಇಟ್ಟರೂ ಆಗುತ್ತದೆ, ಬೈಂಡಿಂಗ್‌ನಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕು. ಹಣ ಹಾಕುವುದಾದರೆ ಕಾಗದದ ಪಟ್ಟಿ ಸುತ್ತಿ ಬಿಸಿಯಿಂದ ಅಂಟಿಸುವ ಬ್ಯಾಂಡಿಂಗ್ ಯಂತ್ರಕ್ಕೆ ಹಾಕಿ. ರಬ್ಬರ್ ಬ್ಯಾಂಡ್ ಲೇಬಲಿನ ಅಂಚನ್ನು ಬಾಗಿಸುತ್ತದೆ, ಬೇಸಿಗೆಯಲ್ಲಿ ಕರಗಿ ಅಂಟುತ್ತದೆ. ಬಾಗಿದ ಲೇಬಲ್ ಗ್ರಾಹಕರ ಅಂಟಿಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ, ದೂರು ಮತ್ತೆ ನಿಮ್ಮ ಬಳಿಗೇ ಬರುತ್ತದೆ.

ಪ್ರಶ್ನೆ: ಧಾರವಾಡದಿಂದ ಗ್ರಂಥಾಲಯಗಳಿಗೆ ಪುಸ್ತಕ ಕಳಿಸುತ್ತೇವೆ. ಸುತಳಿ ಒಳ್ಳೆಯದೋ ಪ್ಲಾಸ್ಟಿಕ್ ಪಟ್ಟಿಯೋ?

ಉತ್ತರ: ಯಾವುದೇ ಆಗಲಿ, ಮೇಲೆ ಕೆಳಗೆ ಪುಸ್ತಕದ ಅಳತೆಗಿಂತ ಎಳ್ಳಷ್ಟು ದೊಡ್ಡದಾದ ರಟ್ಟು ಇರಲಿ. ರಟ್ಟು ಇಲ್ಲದೆ ಬಿಗಿದರೆ ಸುತಳಿಗಿಂತ ಪಟ್ಟಿಯೇ ಹೆಚ್ಚು ಕಡಿಯುತ್ತದೆ, ಮೊದಲ ಮತ್ತು ಕೊನೆಯ ಪುಸ್ತಕಗಳು ಹಾಳಾಗುತ್ತವೆ. ಪುಸ್ತಕಗಳನ್ನು ಅರ್ಧ ಕಟ್ಟಿಗೆ ಬೆನ್ನು ತಿರುಗಿಸಿ ಇಡಿ. ಮಳೆಗಾಲದ ಲಾರಿ ಪ್ರಯಾಣವಿದ್ದರೆ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ, ಆಮೇಲೆ ಪಟ್ಟಿ ಹಾಕಿ.

ಪ್ರಶ್ನೆ: ಹುಬ್ಬಳ್ಳಿಯ ಒಂದು ಬೈಂಡಿಂಗ್ ವಿಭಾಗದಲ್ಲಿ ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಲವತ್ತು ಕಿಲೋದ ಕಟ್ಟುಗಳನ್ನು ನೆಲದಿಂದ ಎತ್ತಿ ಇನ್ನೊಂದು ಕಡೆ ಒಟ್ಟಬೇಕು. ನಾವು ಹೆಂಗಸರೇ ಹೆಚ್ಚು. ಸೊಂಟ ನೋವು ಶುರುವಾಗಿದೆ. ಕಟ್ಟು ಸಣ್ಣದಾದರೆ ಪಟ್ಟಿಯ ಖರ್ಚು ಹೆಚ್ಚಾಗುತ್ತದೆ ಎಂದು ಹೇಳುತ್ತಾರೆ. ಇದಕ್ಕೆ ನಿಯಮವೇನಾದರೂ ಇದೆಯೇ ಸರ್?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮಾಲೀಕರೂ ಓದಲಿ ಎಂದೇ ಇಲ್ಲಿ ಅಚ್ಚು ಹಾಕಿಸಿದ್ದೇನೆ. 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮಿನಲ್ಲಿಯೇ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು ಎಂದು ಬರೆಯಲಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು ವಯಸ್ಕ ಗಂಡಸರಿಗೆ 55 ಕಿಲೋವನ್ನು ಗರಿಷ್ಠ ಮಿತಿಯೆಂದು ಹೇಳಿ, ಹೆಂಗಸರಿಗೆ ಅದಕ್ಕಿಂತ ಬಹಳಷ್ಟು ಕಡಿಮೆ ಇರಬೇಕೆಂದು ಹೇಳಿದೆ. ಅದೂ ಒಂದು ಸಲ ಎತ್ತುವ ಮಿತಿಯ ಮಾತು. ದಿನಕ್ಕೆ ನೂರು ಸಲ ನೆಲಕ್ಕೆ ಬಗ್ಗಿ ಎತ್ತುವವರಿಗೆ ಆ ಸಂಖ್ಯೆಯನ್ನು ಹಿಡಿದು ವಾದಿಸುವುದು ಅನ್ಯಾಯ. ಮಾಲೀಕರಿಗೆ ನನ್ನ ಮಾತು ಸ್ಪಷ್ಟವಾಗಿದೆ: ಕೈಯಿಂದ ಎತ್ತುವ ಕಟ್ಟು 12ರಿಂದ 15 ಕಿಲೋ ದಾಟಬಾರದು. 23×36 ಇಂಚಿನ 60 ಜಿಎಸ್‌ಎಂ ಕಾಗದದ ಒಂದು ರೀಮ್ (500 ಹಾಳೆ) 16 ಕಿಲೋ ತೂಗುತ್ತದೆ, ಮುದ್ರಿಸಿದ ಪುಸ್ತಕದ ಕಟ್ಟು ಅದಕ್ಕಿಂತ ಭಾರವಾಗಬೇಕಾದ ಯಾವ ಕಾರಣವೂ ಇಲ್ಲ. ಉಳಿಯುವ ಪಟ್ಟಿಯ ಬೆಲೆಯನ್ನು ಒಬ್ಬ ನುರಿತ ಕೆಲಸಗಾರ್ತಿ ತಿಂಗಳು ರಜೆ ಹಾಕಿದಾಗ ಆಗುವ ನಷ್ಟದ ಪಕ್ಕದಲ್ಲಿಟ್ಟು ನೋಡಿ.

ಯಂತ್ರ ತರುವುದಾದರೆ ಕಟ್ಟುವ ಯಂತ್ರಕ್ಕಿಂತ ಮೊದಲು ಏರಿಳಿಯುವ ಮೇಜನ್ನು ತನ್ನಿ. ಕಾಲಿನಿಂದ ಪೆಡಲ್ ಒತ್ತಿದರೆ ಕತ್ತರಿಯಂತಹ ಕಾಲುಗಳ ಮೇಲೆ ಏಳುವ ಮೇಜು ಅದು. ಅಟ್ಟಿಯ ಮೇಲ್ಭಾಗ ಯಾವಾಗಲೂ ಸೊಂಟದ ಮಟ್ಟಕ್ಕೆ ಇರುವಂತೆ ಅದನ್ನು ಹೊಂದಿಸಬಹುದು, ಆಗ ಕಟ್ಟನ್ನು ಎತ್ತಬೇಕಿಲ್ಲ, ಪಕ್ಕಕ್ಕೆ ಸರಿಸಿದರೆ ಸಾಕು. ಕಟ್ಟುವ ಮೇಜಿನಿಂದ ಅಟ್ಟಿಯವರೆಗೆ ಉರುಳು ಕೊಳವೆಗಳ ಇಳಿಜಾರು ಹಾದಿ ಹಾಕಿದರೆ ಕಟ್ಟು ತಾನೇ ಜಾರಿ ಹೋಗುತ್ತದೆ.

ನಿಮಗೂ ನಿಮ್ಮ ಜೊತೆಯವರಿಗೂ ಒಂದು ಮಾತು. ಬಿಗಿದ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಬೇಡಿ. ಒತ್ತಡದಲ್ಲಿರುವ ಪಟ್ಟಿ ಚಿಮ್ಮಿ ಕಣ್ಣಿಗೆ ಬಡಿಯುತ್ತದೆ. ಮೊಂಡು ಮೂತಿಯ ಕತ್ತರಿಯನ್ನೇ ಕೇಳಿ ಪಡೆಯಿರಿ, ಒಂದು ಕೈಯಿಂದ ಪಟ್ಟಿಯನ್ನು ಕಟ್ಟಿನ ಮೇಲೆ ಒತ್ತಿ ಹಿಡಿದು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಆ ಕೈಗೆ ಸ್ವಲ್ಪ ದೂರದಲ್ಲಿ ಕತ್ತರಿಸಿರಿ. ಪಟ್ಟಿ ಸುತ್ತುವ ಯಂತ್ರದ ಕಮಾನಿನೊಳಗೆ ಪಟ್ಟಿ ಸಿಕ್ಕಿಕೊಂಡಾಗ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಿಸಿಯಾದ ಅಂಟಿಸುವ ತಗಡು ತಣ್ಣಗಾಗುವವರೆಗೆ ಕಾಯ್ದು, ಆಮೇಲೆಯೇ ಕೈ ಹಾಕಿರಿ. ಸೊಂಟದ ನೋವಿಗೆ ವೈದ್ಯರನ್ನು ಈಗಲೇ ಕಂಡು, ಕೆಲಸದ ಸ್ವರೂಪವನ್ನು ಅವರಿಗೆ ವಿವರವಾಗಿ ಹೇಳಿ, ಅವರು ಬರೆದುಕೊಟ್ಟ ಚೀಟಿಯ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.